ಪಂಚಸೂನಗಳ ಚರಿತ್ರೆ: ಮಸ್ಕಿ ಸೀಮೆಯ ಬೀಸುವ ಕಲ್ಲು ಮತ್ತು ನೀರಿನ ಕೊಡ

ಗೃಹಸ್ಥನ ಮನೆಯೊಳಗೆ ಹಿಂಸೆ ನಡೆಯುವ ಐದು ಸ್ಥಾನಗಳನ್ನು ಶಾಸ್ತ್ರಕಾರರು ಎಣಿಸಿದ್ದಾರೆ. ಕುಟ್ಟುವ ಒರಳು, ಬೀಸುವ ಕಲ್ಲು, ಉರಿಯುವ ಒಲೆ, ನೀರಿನ ಕೊಡ, ಗುಡಿಸುವ ಕಸಬರಿಗೆ ಇವೇ ಆ ಐದು. ಖಂಡನಿ, ಪೇಷಣಿ, ಚುಲ್ಲಿ, ಉದಕುಂಭ, ಪ್ರಮಾರ್ಜನಿ ಎಂದು ಸಂಸ್ಕೃತದಲ್ಲಿ ಇವುಗಳ ಹೆಸರು, ಒಟ್ಟಾಗಿ ಪಂಚಸೂನಗಳು. ಸೂನಾ ಎಂದರೆ ವಧಾಸ್ಥಾನ. ಈ ಎಣಿಕೆ ವೈದಿಕ ಧರ್ಮಶಾಸ್ತ್ರಕ್ಕೂ ಪರಿಚಿತವಾದುದೇ. ಅಲ್ಲಿ ಇದರ ಪರಿಹಾರಕ್ಕೆ ಪಂಚಮಹಾಯಜ್ಞಗಳನ್ನು ವಿಧಿಸಲಾಗಿದೆ. ಜೈನಾಚಾರ್ಯರು ಹಿಡಿದ ದಾರಿ ಬೇರೆ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಇಂಥ ಆರಂಭಗಳನ್ನೆಲ್ಲ ತೊರೆದ ಮುನಿಗಳಿಗೆ ಶ್ರದ್ಧೆಯಿಂದ ಆಹಾರ ನೀಡುವುದನ್ನು ದಾನವೆಂದು ಕರೆದು, ಮನೆಗೆಲಸದಿಂದ ಕೂಡಿಬಂದ ಕರ್ಮವನ್ನು ಅದು ತೊಳೆಯುತ್ತದೆ ಎಂದರು. ಅದೇ ಗ್ರಂಥದಲ್ಲಿ ಅನರ್ಥದಂಡದ ಪ್ರಸ್ತಾಪ ಬಂದಾಗ ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನೂ ಹಿಂಸಾದಾನವೆಂದು ಎಣಿಸಿದರು.

ಈ ಎರಡು ಪಟ್ಟಿಗಳನ್ನು ಧರ್ಮಗ್ರಂಥದ ಭಾಗವೆಂದು ಓದುವುದು ರೂಢಿ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅವು ಪ್ರಾಚೀನ ಭಾರತದ ಮನೆಯೊಂದರ ಉಪಕರಣಗಳ ಪಟ್ಟಿಯಾಗಿಯೂ ಕಾಣುತ್ತವೆ. ಅಡುಗೆಮನೆ, ಹಿತ್ತಲು, ಹೊಲ ಇವುಗಳ ನಡುವೆ ಓಡಾಡುವ ಕೈಗಳು ದಿನವೂ ಮುಟ್ಟುತ್ತಿದ್ದ ವಸ್ತುಗಳಿವು. ಇವುಗಳಲ್ಲಿ ಒಂದೊಂದೂ ಸರಳ ರೂಪದಿಂದ ಜಟಿಲ ರೂಪಕ್ಕೆ ಬೆಳೆದ ಬಗೆಯನ್ನು ಒಂದೇ ಸೀಮೆಯಲ್ಲಿ, ಒಂದೇ ರಸ್ತೆಯ ಉದ್ದಕ್ಕೂ ನೋಡಬೇಕೆಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ಜಿಲ್ಲೆಗೆ ಬರಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ಊರುಗಳು ಆ ರಸ್ತೆಯಲ್ಲಿ ಒಂದರ ನಂತರ ಒಂದು ಬರುತ್ತವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಕಲ್ಲನ್ನು ಕಲ್ಲಿಗೆ ಉಜ್ಜಿದವರ ಗುರುತುಗಳಿಂದ ಹಿಡಿದು ಇಂದಿನ ಅಕ್ಕಿ ಗಿರಣಿಗಳವರೆಗೆ ಎಲ್ಲವೂ ಅಲ್ಲಿವೆ.

ಉಪಕರಣಗಳಿಗೆ ಒಂದು ಆರಂಭವಿತ್ತು, ಅವು ಕ್ರಮವಾಗಿ ಬೆಳೆದವು ಎಂಬ ಅರಿವು ಜೈನ ಪರಂಪರೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದಲ್ಲಿ ಭೋಗಭೂಮಿಯ ಅಂತ್ಯದ ವರ್ಣನೆ ಇದೆ. ಕಲ್ಪವೃಕ್ಷಗಳು ಬತ್ತುತ್ತಾ ಬಂದಾಗ ಜನರಿಗೆ ಹಸಿವೆ ಎಂದರೇನೆಂದು ಮೊದಲ ಬಾರಿಗೆ ತಿಳಿಯಿತು. ತಾನಾಗಿಯೇ ಬೆಳೆದ ಧಾನ್ಯವನ್ನು ಹೇಗೆ ತಿನ್ನಬೇಕೆಂಬುದು ಮಾತ್ರ ತಿಳಿಯಲಿಲ್ಲ. ಕೊನೆಯ ಕುಲಕರನಾದ ನಾಭಿರಾಜನು ಆನೆಯ ಕುಂಭಸ್ಥಳದ ಮೇಲೆ ಜೇಡಿಮಣ್ಣನ್ನು ತಟ್ಟಿ ಪಾತ್ರೆ ಮಾಡಿ ತೋರಿಸಿದನು. ಅವನ ಮಗನಾದ ಋಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿದನು. ಈ ಕಥೆಯೇ ಪಂಪನ ಕೈಯಲ್ಲಿ ಕ್ರಿ.ಶ. ೯೪೧ರಲ್ಲಿ ಕನ್ನಡಕ್ಕೆ ಬಂದಿತು. ಕಲಿಸಿದವನು ಆದಿತೀರ್ಥಂಕರನೇ ಆದುದರಿಂದ ಉಪಕರಣವೆಂದರೆ ಪಾಪವೆಂದು ಜೈನನು ಸುಲಭವಾಗಿ ಹೇಳುವಂತಿಲ್ಲ. ಅದೇ ಋಷಭದೇವನು ಕೊನೆಗೆ ಆ ಆರನ್ನೂ ಬಿಟ್ಟು, ಬರಿಗೈಯಲ್ಲಿ ಕೂದಲು ಕಿತ್ತು ದೀಕ್ಷೆ ಪಡೆದನೆಂಬುದೂ ಅದೇ ಕಥೆಯ ಭಾಗ.

ಈಗ ಮಸ್ಕಿಗೆ ಬರಬಹುದು. ಈ ಊರು ವಿದ್ವಾಂಸರಿಗೆ ಪರಿಚಿತವಾದುದು ಅಶೋಕನ ಶಾಸನದಿಂದ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಎಂಬಾತ ಇಲ್ಲಿನ ಬೆಟ್ಟದ ಬಂಡೆಯಲ್ಲಿ ಬ್ರಾಹ್ಮೀ ಬರಹವನ್ನು ಕಂಡನು; ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಮೊದಲ ಶಾಸನವಾಗಿ ಅದು ಹೊರಬಂದಿತು. ಚಿನ್ನ ಹುಡುಕುವವನಿಗೆ ಧರ್ಮಲಿಪಿ ಸಿಕ್ಕಿದ್ದು ಕಾಕತಾಳೀಯ. ಆದರೆ ಬೀಡನ್ ಅಲ್ಲಿ ಓಡಾಡುತ್ತಿದ್ದುದಕ್ಕೆ ಕಾರಣವಾದ ಚಿನ್ನವೇ ಅಶೋಕನ ಶಾಸನಗಳು ಈ ಸೀಮೆಯಲ್ಲಿ ಗುಂಪುಗೂಡಿರುವುದಕ್ಕೂ ಒಂದು ಕಾರಣವಿರಬಹುದೆಂದು ಕೆಲವು ಇತಿಹಾಸಕಾರರು ಊಹಿಸಿದ್ದಾರೆ.

ಶಾಸನಕ್ಕಿಂತ ಬಹಳ ಹಳೆಯ ಮಸ್ಕಿಯೊಂದಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿನ ಪ್ರಾಗೈತಿಹಾಸಿಕ ನೆಲೆಯನ್ನು ಗುರುತಿಸಿದ್ದನು. ೧೯೫೪ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ತಳದ ಸ್ತರದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಸಣ್ಣ ಕಲ್ಲಲಗುಗಳೂ ದೊರೆತವು. ಅದರ ಮೇಲಿನ ಸ್ತರದಲ್ಲಿ ಕಬ್ಬಿಣ ಕಾಣಿಸಿಕೊಂಡಿತು. ಅದಕ್ಕೆ ಸ್ವಲ್ಪ ಮೊದಲು ಎಫ್. ಆರ್. ಆಲ್ಚಿನ್ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಅಗೆದು ನವಶಿಲಾಯುಗದ ಹಳ್ಳಿಯೊಂದನ್ನು ಬೆಳಕಿಗೆ ತಂದಿದ್ದರು. ಅವರ ವರದಿ ೧೯೬೦ರಲ್ಲಿ ಪ್ರಕಟವಾಯಿತು. ಅಲ್ಲಿನ ಬೂದು ಬಣ್ಣದ ಮಡಕೆಗಳು ಹೆಚ್ಚಾಗಿ ತಿಗರಿಯಿಲ್ಲದೆ ಕೈಯಿಂದಲೇ ತಟ್ಟಿ ಮಾಡಿದವು. ನಾಭಿರಾಜನ ಆನೆ ಅಲ್ಲಿ ಇರಲಿಲ್ಲವೆಂಬುದನ್ನು ಬಿಟ್ಟರೆ ಕುಂಬಾರಿಕೆಯ ಮೊದಲ ಹೆಜ್ಜೆಯ ವಿಷಯದಲ್ಲಿ ಪುರಾಣಕ್ಕೂ ಗುದ್ದಲಿಗೂ ಜಗಳವಿಲ್ಲ.

ಆ ಕಾಲದ ಜನ ಕೊಡಲಿಯನ್ನು ಮಾಡುತ್ತಿದ್ದ ರೀತಿ ಗಮನಿಸತಕ್ಕದ್ದು. ಗಟ್ಟಿಯಾದ ಕರಿಕಲ್ಲನ್ನು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಅಲಗನ್ನು ಬಂಡೆಯ ಮೇಲೆ ನೀರು ಹಾಕುತ್ತಾ ದಿನಗಟ್ಟಲೆ ಉಜ್ಜುತ್ತಿದ್ದರು. ಬಳ್ಳಾರಿಯ ಸಮೀಪದ ಸಂಗನಕಲ್ಲಿನಲ್ಲಿ ಇಂಥ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸಿದ ಕಾರ್ಯಾಗಾರವೇ ಇತ್ತು. ಉಜ್ಜಿದ ಬಂಡೆಗಳಲ್ಲಿ ಉಳಿದ ತಗ್ಗುಗಳನ್ನು ಇಂದಿಗೂ ಕೈಯಿಂದ ಸವರಬಹುದು. ಧಾನ್ಯ ಅರೆಯುವ ಕಲ್ಲೂ ಇದೇ ಕ್ರಿಯೆಯ ಇನ್ನೊಂದು ರೂಪ. ನಡುವೆ ತಗ್ಗಾದ ಅಗಲ ಕಲ್ಲಿನ ಮುಂದೆ ಮಂಡಿಯೂರಿ, ಎರಡೂ ಕೈಗಳಲ್ಲಿ ಗುಂಡು ಹಿಡಿದು ಹಿಂದಕ್ಕೂ ಮುಂದಕ್ಕೂ ತಳ್ಳುವುದು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಕರಿಕಾಳುಗಳಿಂದ ಅವರು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು ಉಣ್ಣುತ್ತಿದ್ದರೆಂದು ತಿಳಿದುಬಂದಿದೆ. ಅಂದರೆ ನಮ್ಮ ಸೀಮೆಯ ಅಡುಗೆಮನೆಯ ಮೊದಲ ಯಂತ್ರಕ್ಕೆ ಚಲಿಸುವ ಭಾಗ ಒಂದೇ. ಅದು ಮನುಷ್ಯನ ಬೆನ್ನು.

ಒಂದರ ಮೇಲೊಂದು ಕೂರುವ ಎರಡು ದುಂಡುಕಲ್ಲುಗಳು, ನಡುವೆ ಕೀಲು, ಅಂಚಿನಲ್ಲಿ ಗೂಟ, ಕಾಳು ಸುರಿಯಲು ಬಾಯಿ ಇವೆಲ್ಲ ಇರುವ ಬೀಸುವ ಕಲ್ಲು ಭಾರತದಲ್ಲಿ ಹರಡಿದ್ದು ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ. ಹಿಂದೆ ಮುಂದೆ ತಳ್ಳುವುದರ ಬದಲು ತಿರುಗಿಸುವುದು ಎಂಬ ಬದಲಾವಣೆ ನೋಡಲು ಅಲ್ಪವೆನಿಸಿದರೂ ಬಂಡಿಯ ಗಾಲಿಗೂ ಕುಂಬಾರನ ತಿಗರಿಗೂ ಸಮನಾದುದು. ನಂತರದ ಸುಮಾರು ಎರಡು ಸಾವಿರ ವರ್ಷ ಈ ಕಲ್ಲು ಹೆಚ್ಚೇನೂ ಬದಲಾಗಲಿಲ್ಲ. ಜೋಳದ ನಾಡಾದ ಇಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಹೆಂಗಸರು ಬೀಸುತ್ತಿದ್ದರು. ಬೀಸುವ ಪದಗಳೆಂಬ ಒಂದು ಸಾಹಿತ್ಯರಾಶಿಯೇ ಆ ಕತ್ತಲೆಯಲ್ಲಿ ಹುಟ್ಟಿತು. ಶ್ರಾವಕರ ಮನೆಗಳಲ್ಲಿ ಅದಕ್ಕೆ ಇನ್ನೂ ಕೆಲವು ಕಟ್ಟಳೆಗಳು ಸೇರಿಕೊಂಡವು. ಕಾಳನ್ನು ಬೆಳಕಿನಲ್ಲಿ ಹಸನು ಮಾಡಿ, ಹುಳು ಇಲ್ಲವೆಂದು ಕಣ್ಣಾರೆ ಕಂಡೇ ಕಲ್ಲಿನ ಬಾಯಿಗೆ ಹಾಕಬೇಕು. ಕಲ್ಲನ್ನು ಮೊದಲೂ ಕೊನೆಗೂ ಮೃದುವಾಗಿ ಗುಡಿಸಬೇಕು. ಹಿಟ್ಟಿಗೆ ಮರ್ಯಾದೆ, ಅಂದರೆ ಅವಧಿಯುಂಟು. ಚಳಿಗಾಲದಲ್ಲಿ ಏಳು, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನ. ಅದು ಮೀರಿದರೆ ಹಿಟ್ಟಿನಲ್ಲಿ ಜೀವೋತ್ಪತ್ತಿಯಾಯಿತೆಂದೇ ತಿಳಿದು ಬಳಸಬಾರದು. ಇವೆಲ್ಲ ಕೈಯಳತೆಯ ನಿಯಮಗಳು. ಕಣ್ಣಿಗೂ ಕಾಳಿಗೂ ನಡುವೆ ಒಂದು ಮೊಳ ಅಂತರವಿದ್ದುದರಿಂದಲೇ ಅವು ಸಾಧ್ಯವಾದವು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಐದು ಸೂನಗಳೂ ಹೆಂಗಸರ ಕೆಲಸಗಳೇ. ಬೀಸಿದವಳ ರಟ್ಟೆ ಸೋತುದನ್ನು ಯಾವ ಶ್ರಾವಕಾಚಾರವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಾಳಿನಲ್ಲಿ ಅಡಗಿದ ಹುಳುವಿನ ಮೇಲೆ ತೋರಿದ ಕರುಣೆಯಲ್ಲಿ ಒಂದು ಪಾಲು ಕಲ್ಲಿನ ಮುಂದೆ ಕುಳಿತವಳಿಗೂ ಸಲ್ಲಬೇಕಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಡೀಸೆಲ್ ಎಂಜಿನ್ನಿನಿಂದ ತಿರುಗುವ ಹಿಟ್ಟಿನ ಗಿರಣಿ ಹಳ್ಳಿಹಳ್ಳಿಗೂ ಬಂದಾಗ ಅದನ್ನು ಮೊದಲು ಸ್ವಾಗತಿಸಿದವರು ಹೆಂಗಸರು. ಅದು ಸಹಜವೂ ನ್ಯಾಯವೂ ಆಗಿತ್ತು. ಗಿರಣಿಯ ಸದ್ದಿನಲ್ಲಿ ಬೀಸುವ ಪದಗಳು ಅಡಗಿಹೋದವೆಂದು ಮರುಗುವ ವಿದ್ವಾಂಸರು ಒಂದು ವಾರ ಬೀಸಿ ನೋಡಿದ್ದರೆ ಅವರ ಮರುಕ ಸ್ವಲ್ಪ ತಗ್ಗುತ್ತಿತ್ತೇನೋ. ಆದರೂ ಗಿರಣಿಯೊಳಗೆ ಹಿಂದಿನವರು ಏನು ಬೀಸಿದರು, ಅವರ ಕಾಳು ಹಸನಾಗಿತ್ತೇ ಇಲ್ಲವೇ ಎಂಬುದನ್ನು ಸರದಿಯಲ್ಲಿ ನಿಂತವಳು ಕಾಣಲಾರಳು. ಕಾಣುವ ಹಕ್ಕು ಬೆನ್ನಿನ ನೋವಿನ ಜೊತೆಯಲ್ಲಿಯೇ ಹೊರಟುಹೋಯಿತು.

ಇದೇ ಅರೆಯುವ ಕಲೆ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಅರೆದದ್ದು ಧಾನ್ಯವನ್ನಲ್ಲ, ಬಂಡೆಯನ್ನು. ಪ್ರಾಚೀನರು ಚಿನ್ನದ ಪದರವನ್ನು ಅನುಸರಿಸಿ ಸುಮಾರು ೬೪೦ ಅಡಿ ಆಳಕ್ಕೆ ಇಳಿದಿದ್ದರು. ಹಳೆಯ ಸುರಂಗದಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ೧,೯೦೦ ವರ್ಷ ಹಳೆಯವೆಂದು ಇಂಗಾಲದ ಕಾಲಮಾಪನದಿಂದ ತಿಳಿದುಬಂದಿತು. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿಯಿಟ್ಟು, ಕಾದ ಕಲ್ಲಿಗೆ ನೀರೆರಚಿ ಬಿರುಕು ಬಿಡಿಸುತ್ತಿದ್ದರು. ಆ ಹೊಗೆ ತುಂಬಿದ ಗುಂಡಿಯೊಳಗೆ ಇಳಿದವರು ಯಾರೆಂದು ಯಾವ ಶಾಸನವೂ ಹೇಳುವುದಿಲ್ಲ. ಮೇಲಕ್ಕೆ ತಂದ ಕಲ್ಲನ್ನು ಕುಟ್ಟಿ, ಅರೆದು, ತೊಳೆದು ಚಿನ್ನ ತೆಗೆಯುತ್ತಿದ್ದರು. ೧೮೮೭ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಈ ಸೀಮೆಯ ಗಣಿಗಳನ್ನು ಮತ್ತೆ ಹುಡುಕಲು ತೊಡಗಿತು. ಅದೇ ವರ್ಷ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ದ್ರಾವಣದಿಂದ ಚಿನ್ನ ಕರಗಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ೧೯೨೦ರಲ್ಲಿ ನಿಂತ ಗಣಿ ೧೯೪೭ರಲ್ಲಿ ಸ್ಥಾಪಿತವಾದ ಹೊಸ ಕಂಪನಿಯಿಂದ ಮರುಜೀವ ಪಡೆಯಿತು. ಈಗ ಅರೆಯುವುದು ಉಕ್ಕಿನ ಗುಂಡುಗಳು ತುಂಬಿದ ಭಾರಿ ಉರುಳೆಗಳಲ್ಲಿ. ಒಂದು ಟನ್ ಅದಿರನ್ನು ಹಿಟ್ಟು ಮಾಡಿದರೆ ದೊರೆಯುವ ಚಿನ್ನ ಕೆಲವೇ ಗ್ರಾಂ. ಮದುವೆಮನೆಯಲ್ಲಿ ಒಂದು ಉಂಗುರವನ್ನು ಕೈಯಿಂದ ಕೈಗೆ ದಾಟಿಸುವಾಗ ಅದರ ಹಿಂದಿರುವ ಬಂಡೆಪುಡಿಯ ರಾಶಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ವೃತ್ತಿಗಳ ಬಗ್ಗೆ ಆಚಾರ್ಯರು ಮೌನವಾಗಿರಲಿಲ್ಲ. ಶ್ವೇತಾಂಬರ ಪರಂಪರೆ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳಿತು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇವನ್ನು ವಿವರಿಸುತ್ತಾ, ಕೆರೆಬಾವಿ ತೋಡುವುದನ್ನೂ ಕಲ್ಲೊಡೆಯುವುದನ್ನೂ ಸ್ಫೋಟಕರ್ಮದಲ್ಲಿ, ಎಳ್ಳು ಕಬ್ಬುಗಳನ್ನು ಹಿಂಡುವ ಮತ್ತು ನೀರೆತ್ತುವ ಯಂತ್ರಗಳನ್ನು ಯಂತ್ರಪೀಡೆಯಲ್ಲಿ ಸೇರಿಸಿದರು. ಹದಿಮೂರನೆಯ ಶತಮಾನದ ದಿಗಂಬರ ವಿದ್ವಾಂಸ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಹೇಳಿ, ಅದರ ಬಗ್ಗೆ ತಮ್ಮ ಸಂದೇಹವನ್ನೂ ದಾಖಲಿಸಿದ್ದಾರೆ. ಲೋಕದಲ್ಲಿ ದೋಷಯುಕ್ತವಾದ ಕೆಲಸಗಳಿಗೆ ಲೆಕ್ಕವೇ ಇಲ್ಲದಿರುವಾಗ ಹದಿನೈದೇ ಎಂದು ಎಣಿಸುವುದು ಸರಿಯಲ್ಲ. ತೀರ ಮಂದಬುದ್ಧಿಯವರಿಗೆ ಬೇಕಾದರೆ ಹಾಗೆ ಹೇಳಿಕೊಡಬಹುದು ಎಂಬುದು ಅವರ ಅಭಿಪ್ರಾಯ. ಎಣ್ಣೆಗಾಣಕ್ಕಿಂತ ದೊಡ್ಡ ಯಂತ್ರವನ್ನು ಕಾಣದ ಕಾಲದಲ್ಲಿ ಬರೆದ ಈ ಮಾತು ಸಯನೈಡಿನ ತೊಟ್ಟಿಗೂ ಅನ್ವಯಿಸುವಷ್ಟು ದೂರ ನೋಡಿತ್ತು.

ಒಲೆಯ ಚರಿತ್ರೆ ಅಷ್ಟು ದೀರ್ಘವಾದುದಲ್ಲ. ಅದು ಬದಲಾದುದೇ ತಡವಾಗಿ. ರಾಯಚೂರು ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಕಾಣುವ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಅವಶೇಷಗಳೆಂದು ಸಿದ್ಧವಾಗಿದೆ. ಅದೇ ಸಗಣಿಯ ಕುಳ್ಳು ನಾಲ್ಕು ಸಾವಿರ ವರ್ಷಗಳ ನಂತರವೂ ಇಲ್ಲಿನ ಒಲೆಗಳಲ್ಲಿ ಉರಿಯುತ್ತಿತ್ತು. ಸೀಮೆಎಣ್ಣೆಯ ಸ್ಟೋವು, ಅನಿಲದ ಸಿಲಿಂಡರು ಇವು ಬಂದುದು ಒಂದೆರಡು ತಲೆಮಾರುಗಳೊಳಗೆ; ೨೦೧೬ರ ಉಜ್ವಲಾ ಯೋಜನೆಯ ನಂತರ ಅನಿಲ ಬಡವರ ಮನೆಗೂ ಬಂದಿತು. ಹೊಗೆ ಹೋಗಿ ಕಣ್ಣು ಶ್ವಾಸಕೋಶಗಳು ಉಳಿದುದು ನಿಜವಾದ ಲಾಭ. ಬೆಂಕಿಯ ತಂಗಿಯಾದ ದೀಪದ ಬಗ್ಗೆ ಮಾತ್ರ ಒಂದು ಮಾತು ಉಳಿದಿದೆ. ರಾತ್ರಿಭೋಜನ ತ್ಯಾಗಕ್ಕೆ ಕತ್ತಲೆಯೇ ಕಾರಣವಾಗಿದ್ದರೆ ವಿದ್ಯುದ್ದೀಪ ಬಂದ ಮೇಲೆ ಆ ವ್ರತದ ಅಗತ್ಯವೇನೆಂದು ಯುವಕರು ಕೇಳುವುದುಂಟು. ಈ ಪ್ರಶ್ನೆ ಹತ್ತನೆಯ ಶತಮಾನಕ್ಕೂ ಹೊಸದಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಸೂರ್ಯನ ಬೆಳಕಿಲ್ಲದೆ ಉಣ್ಣುವವನು ದೀಪ ಹಚ್ಚಿಕೊಂಡರೂ ಆಹಾರದಲ್ಲಿ ಸೇರುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸಲಾರನೆಂದು ಉತ್ತರಿಸಿದ್ದಾರೆ. ಮಳೆಗಾಲದ ಸಂಜೆ ಭತ್ತದ ಗದ್ದೆಗಳ ನಡುವಿನ ಮನೆಯಲ್ಲಿ ದೀಪದ ಸುತ್ತ ಮುತ್ತುವ ಹುಳುಗಳನ್ನು ಕಂಡವರಿಗೆ ಆ ಉತ್ತರಕ್ಕೆ ಟೀಕೆ ಬೇಕಿಲ್ಲ.

ಎಲ್ಲಕ್ಕಿಂತ ಹೆಚ್ಚು ವಿವರ ಬೇಡುವುದು ನಾಲ್ಕನೆಯ ಸೂನ, ಉದಕುಂಭ. ನೀರನ್ನು ಸೋಸಿ ಕುಡಿಯುವುದು ಜೈನನ ಬಾಹ್ಯ ಲಕ್ಷಣವೆನಿಸುವಷ್ಟು ಪ್ರಸಿದ್ಧವಾದ ಆಚಾರ. ದಪ್ಪ ಬಟ್ಟೆಯನ್ನು ಇಮ್ಮಡಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿಯುತ್ತಾರೆ. ಆದರೆ ಆಚಾರದ ಮೊದಲರ್ಧ ಮಾತ್ರ ಇದು. ಬಟ್ಟೆಯಲ್ಲಿ ಉಳಿದ ಜಲಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಂದ ಬಾವಿಗೇ ಹಿಂದಿರುಗಿಸುವುದು ಎರಡನೆಯ ಅರ್ಧ. ಮೇಲಿನಿಂದ ಎಸೆದರೆ ಪೆಟ್ಟಿಗೆ ಜೀವಿಗಳು ಸಾಯುತ್ತವೆಂದು ಉತ್ತರದ ದಿಗಂಬರ ಮನೆಗಳಲ್ಲಿ ಒಂದು ವಿಶೇಷ ಬಕೆಟ್ಟನ್ನೇ ರೂಪಿಸಿಕೊಂಡರು. ಅದರ ತಳದಲ್ಲಿ ಒಂದು ಕಡೆ ಕಡೆಯ ಬಳೆಯಿರುತ್ತದೆ. ಹಗ್ಗವನ್ನು ಅದಕ್ಕೂ ಸಿಕ್ಕಿಸಿ ನಿಧಾನವಾಗಿ ಇಳಿಬಿಟ್ಟು, ನೀರಿನ ಮಟ್ಟ ಮುಟ್ಟಿದಾಗ ಎಳೆದರೆ ಬಕೆಟ್ಟು ಅಲ್ಲಿಯೇ ಮಗುಚಿಕೊಳ್ಳುತ್ತದೆ. ತಂತ್ರಜ್ಞಾನದ ಚರಿತ್ರೆ ಬರೆಯುವವರು ಈ ಬಕೆಟ್ಟನ್ನು ಗಮನಿಸಿದಂತಿಲ್ಲ. ಪಡೆಯುವುದಕ್ಕಾಗಿ ಮನುಷ್ಯ ಸಾವಿರ ಸಾಧನಗಳನ್ನು ಮಾಡಿದ್ದಾನೆ. ಪಡೆದುದನ್ನು ನೋವಾಗದಂತೆ ಹಿಂದಿರುಗಿಸುವುದಕ್ಕೆಂದೇ ಮಾಡಿದ ಸಾಧನಗಳು ಬೆರಳೆಣಿಕೆಯವು.

ಈ ಬಟ್ಟೆಯ ಮೌಲ್ಯವನ್ನು ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನ ಇನ್ನೊಂದು ದಿಕ್ಕಿನಿಂದ ಕಂಡುಕೊಂಡಿತು. ಮೆಟ್ಟಿಲುಬಾವಿಗಳ ನೀರು ಕುಡಿಯುತ್ತಿದ್ದ ಹಳ್ಳಿಗಳಲ್ಲಿ ನಾರುಹುಣ್ಣು ಎಂಬ ಘೋರ ವ್ಯಾಧಿಯಿತ್ತು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿಸಣ್ಣ ಜೀವಿಯ ಒಡಲಲ್ಲಿ ನಾರುಹುಳದ ಮರಿ ಸೇರಿ, ಕುಡಿದವನ ದೇಹದಲ್ಲಿ ವರ್ಷದವರೆಗೆ ಬೆಳೆದು, ಕಾಲಿನಲ್ಲಿ ಹುಣ್ಣು ಮಾಡಿಕೊಂಡು ಮೊಳದುದ್ದದ ದಾರದಂತೆ ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಬಾವಿಯ ಮೆಟ್ಟಿಲಲ್ಲಿ ಕಾಲಿಟ್ಟರೆ ಹುಳ ಮತ್ತೆ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. ೧೯೮೪ರಲ್ಲಿ ದೇಶದಲ್ಲಿ ಸುಮಾರು ೪೦ ಸಾವಿರ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರೆಂದು ಕಲಿಸಿದರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿದರು, ಟೆಮೆಫಾಸ್ ಎಂಬ ರಾಸಾಯನಿಕದಿಂದ ನೀರಿನಲ್ಲಿಯೇ ಸೈಕ್ಲಾಪ್ಸ್‌ಗಳನ್ನು ಕೊಂದರು. ಕೊನೆಯ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ೧೯೯೬ರ ಜುಲೈನಲ್ಲಿ ಕಂಡುಬಂದನು. ೨೦೦೦ದ ಫೆಬ್ರುವರಿಯಲ್ಲಿ ಭಾರತ ಈ ರೋಗದಿ‌ಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಮುಂದೆ ೨೦೦೩ರಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದವರಲ್ಲಿ ಕಾಲರಾ ಅರ್ಧದಷ್ಟು ಇಳಿದುದನ್ನು ದಾಖಲಿಸಿದರು.

ಈ ಸಾಧನೆಗಳನ್ನು ಹೆಮ್ಮೆಯಿಂದ ಉಲ್ಲೇಖಿಸಿ, ಜೈನರು ವಿಜ್ಞಾನಕ್ಕಿಂತ ಮೊದಲೇ ಇದನ್ನು ಅರಿತಿದ್ದರೆಂದು ಹೇಳುವ ವಾಡಿಕೆ ಇದೆ. ಆ ಹೆಮ್ಮೆಯಲ್ಲಿ ಸ್ವಲ್ಪ ಅವಸರವುಂಟು. ಆರೋಗ್ಯ ಇಲಾಖೆ ಬಟ್ಟೆ ಕಟ್ಟಿಸಿದ್ದು ನೀರಿನ ಜೀವಿಯಿಂದ ಮನುಷ್ಯನನ್ನು ಕಾಯಲು. ಶ್ರಾವಕ ಬಟ್ಟೆ ಕಟ್ಟಿದ್ದು ಮನುಷ್ಯನಿಂದ ನೀರಿನ ಜೀವಿಯನ್ನು ಕಾಯಲು. ಒಂದೇ ಬಟ್ಟೆ, ಎರಡು ಉದ್ದೇಶ. ಹೆಜ್ಜೆಯೂರಲಾಗದೆ ಮಲಗಿದ್ದ ರೈತನ ನೋವನ್ನು ಕಂಡವರು ಮೊದಲ ಉದ್ದೇಶವನ್ನು ಹಗುರವಾಗಿ ಕಾಣಲಾರರು. ಆದರೆ ಬಟ್ಟೆಯನ್ನು ತೊಳೆದು ಹಿಂದಿರುಗಿಸುವ ಎರಡನೆಯ ಅರ್ಧವನ್ನು ವಿಜ್ಞಾನ ಕೇಳಲಿಲ್ಲ. ಶ್ರಾವಕರೂ ಅದನ್ನು ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬಿಟ್ಟುಕೊಟ್ಟರು. ಕಾರಣ ಅಶ್ರದ್ಧೆಯೊಂದೇ ಎನ್ನಲಾಗದು. ಕೊಳವೆಬಾವಿಯ ನೀರನ್ನು ನೂರಾರು ಅಡಿ ಆಳಕ್ಕೆ ಹಿಂದಿರುಗಿಸುವುದು ಹೇಗೆ? ನಲ್ಲಿಗೆ ಕಟ್ಟಿದ ಬಟ್ಟೆಯಲ್ಲಿ ಉಳಿದುದು ಯಾವ ನದಿಯದು, ಯಾವ ಕೆರೆಯದು? ಹಗ್ಗ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಕೊಳವೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ.

ಬಟ್ಟೆ ತಡೆಯಲಾರದ ವಸ್ತುಗಳೂ ಆಳದ ನೀರಿನೊಂದಿಗೆ ಮೇಲಕ್ಕೆ ಬಂದವು. ಲಿಂಗಸುಗೂರಿನಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನೊಳಗಿನ ಆರ್ಸೆನಿಕ್ಕಿನಿಂದ ಜನರ ಚರ್ಮದಲ್ಲಿ ಗಂಟು ಕಲೆಗಳು ಕಾಣಿಸಿಕೊಂಡುದನ್ನು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಚಿನ್ನವಿರುವ ಶಿಲಾಪಟ್ಟಿಯಲ್ಲಿಯೇ ಆರ್ಸೆನಿಕ್ಕೂ ಇರುತ್ತದೆ. ಕಣ್ಣಿಗೆ ಕಾಣುವ ಜೀವಿಯನ್ನು ಕಾಯಲು ಹುಟ್ಟಿದ ಬಟ್ಟೆಗೆ ಈ ವಿಷದ ಅರಿವೇ ಇರಲು ಸಾಧ್ಯವಿಲ್ಲ.

ಕೊಡದ ಕಥೆ ಸಿಂಧನೂರಿನಲ್ಲಿ ನಾಲೆಯ ಕಥೆಯಾಗಿ ಬೆಳೆಯಿತು. ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಪ್ರಾಂತವೂ ಕೂಡಿ ೧೯೪೫ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ನೀರು ಹಿಡಿಯಿತು. ಎಡದಂಡೆಯ ನಾಲೆ ೨೨೭ ಕಿಲೋಮೀಟರ್ ಉದ್ದ ಸಾಗಿ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಪ್ಪು ಭೂಮಿಗೆ ನೀರು ತಂದಿತು. ಜೋಳ, ಹತ್ತಿ, ಶೇಂಗಾಗಳಂಥ ಮಿತನೀರಿನ ಬೆಳೆಗಳಿಗೆಂದು ಬಹುಭಾಗವನ್ನು ಯೋಜಿಸಲಾಗಿತ್ತು. ಬೆಳೆದದ್ದು ಭತ್ತ. ಬರಗಾಲದಲ್ಲಿ ಗುಳೆ ಹೋಗುತ್ತಿದ್ದ ಸೀಮೆ ಸೋನಾ ಮಸೂರಿ ಅಕ್ಕಿಗೆ ಹೆಸರಾಯಿತು. ಸಿಂಧನೂರಿನ ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಅಂಗಡಿಗಳು ಆ ನೀರಿನ ಮಕ್ಕಳು. ಮೊದಲನೆಯ ಸೂನವಾದ ಒರಳಿನ ವಂಶ ಇಲ್ಲಿಯೇ ತುದಿ ಮುಟ್ಟಿತೆನ್ನಬಹುದು. ಒನಕೆಯ ಜಾಗಕ್ಕೆ ಮೊದಲು ಎಂಗೆಲ್‌ಬರ್ಗ್ ಮಾದರಿಯ ಹಲ್ಲರ್ ಬಂದಿತು, ನಂತರ ರಬ್ಬರ್ ಉರುಳೆಯ ಯಂತ್ರಗಳು ಬಂದವು. ಅಕ್ಕಿ ಬೆಳ್ಳಗಾದಷ್ಟೂ ತೌಡು ಬೇರೆಯಾಗುತ್ತದೆ. ಹೀಗೆ ಬಿಳುಪಾದ ಅಕ್ಕಿಯನ್ನೇ ಉಂಡವರಿಗೆ ಬೆರಿಬೆರಿ ಬರುತ್ತದೆಂಬ ಸುಳಿವು ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್‌ಗೆ ೧೮೯೦ರ ದಶಕದಲ್ಲಿ ಕೋಳಿಗಳಿಂದ ಸಿಕ್ಕಿತ್ತು. ಹಾನಿ ಗಿರಣಿಯಲ್ಲಿ ನಡೆಯಲಿಲ್ಲ, ತಟ್ಟೆಯಲ್ಲಿಯೂ ಕಾಣಲಿಲ್ಲ. ತಿಂಗಳುಗಳ ನಂತರ ಕಾಲಿನ ನರಗಳಲ್ಲಿ ಕಾಣಿಸಿತು.

ನಾಲೆಯ ಹಾನಿಯೂ ಹಾಗೆಯೇ ದೂರದಲ್ಲಿ, ತಡವಾಗಿ ಕಾಣಿಸಿಕೊಂಡಿತು. ಮೇಲಿನ ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿದಷ್ಟೂ ತುದಿಭಾಗದ ರೈತರ ಹೊಲಕ್ಕೆ ಸರದಿ ಬರಲಿಲ್ಲ. ನೀರು ನಿಂತ ಕಪ್ಪು ನೆಲದಲ್ಲಿ ತಳದ ಉಪ್ಪು ಮೇಲೆದ್ದು ಸವಳಾಯಿತು. ಸವಳು ಜವುಗು ನೆಲಗಳನ್ನು ಮತ್ತೆ ಬೆಳೆಗೆ ತರುವ ಕ್ರಮಗಳ ಮೇಲೆ ಗಂಗಾವತಿಯ ಕೃಷಿ ಸಂಶೋಧನ ಕೇಂದ್ರ ದಶಕಗಳಿಂದ ಕೆಲಸ ಮಾಡಿದೆ. ಜಲಾಶಯದಲ್ಲಿ ಹೂಳು ತುಂಬಿ ೧೩೩ ಟಿ.ಎಂ.ಸಿ.ಯ ಸಾಮರ್ಥ್ಯ ೧೦೫ರ ಆಸುಪಾಸಿಗೆ ಇಳಿಯಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ಸರಪಳಿ ತುಂಡಾಗಿ ೧೯ನೆಯ ಗೇಟು ಕೊಚ್ಚಿಹೋದಾಗ, ಒಂದು ಸರಪಳಿಯ ಕೊಂಡಿಗೆ ಎಷ್ಟು ಊರುಗಳ ಅನ್ನ ನೇತಾಡುತ್ತಿತ್ತೆಂಬುದು ತಿಳಿಯಿತು. ಬಾವಿಯ ಹಗ್ಗ ಹರಿದಿದ್ದರೆ ಒಂದು ಕೊಡ ಹೋಗುತ್ತಿತ್ತು.

ಹಾಗೆಂದು ನಾಲೆಯೇ ಬೇಡವೆನ್ನುವ ಹಕ್ಕು ನಾಲೆಯ ನೀರುಂಡವರಿಗೆ ಇಲ್ಲ. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ ೫ಎ ಕಾಲುವೆಗಾಗಿ ರೈತರು ೨೦೨೦ರಿಂದ ತಿಂಗಳುಗಟ್ಟಲೆ ಧರಣಿ ಕುಳಿತುದನ್ನು ನೆನೆದರೆ, ಉಪಕರಣದ ದೋಷಗಳ ವಿಚಾರ ಉಪಕರಣ ಉಳ್ಳವರ ವಿರಾಮದ ಚರ್ಚೆಯಾಗಿಬಿಡುವ ಅಪಾಯ ಕಾಣುತ್ತದೆ.

ಮಸ್ಕಿಯ ಬಂಡೆಯಲ್ಲಿ ತನ್ನ ಹೆಸರನ್ನು ಉಳಿಸಿದ ಅರಸ ಉತ್ತರದಲ್ಲಿ ನೆಟ್ಟ ಐದನೆಯ ಸ್ತಂಭಶಾಸನದಲ್ಲಿ ಒಂದು ಸಣ್ಣ ಆಜ್ಞೆ ಇದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂಬುದು ಅದರ ತಾತ್ಪರ್ಯ. ಸಾಮ್ರಾಜ್ಯದ ಅಧಿಪತಿ ಹೊಟ್ಟಿನೊಳಗಿನ ಹುಳದ ಚಿಂತೆ ಮಾಡಿದನು. ಕುಸುಬಲಕ್ಕಿ ಬೇಯಿಸುವ ಗಿರಣಿಗಳ ಬಾಯ್ಲರಿನಲ್ಲಿ ಭತ್ತದ ಹೊಟ್ಟೇ ಇಂಧನ. ಕೊಯ್ಲು ಯಂತ್ರ ಓಡಿದ ಗದ್ದೆಗಳಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚುವುದೂ ರೂಢಿಯಾಗಿದೆ. ಕುಡುಗೋಲಿನಿಂದ ಬುಡಕ್ಕೆ ಕೊಯ್ಯುತ್ತಿದ್ದಾಗ ಹುಲ್ಲು ಬಣವೆಗೆ, ಅಲ್ಲಿಂದ ದನದ ಗೋದಲಿಗೆ ಹೋಗುತ್ತಿತ್ತು. ಸುಡಲು ಉಳಿಯುತ್ತಿದ್ದುದೇ ಕಡಿಮೆ.

ಐದನೆಯ ಸೂನವಾದ ಕಸಬರಿಗೆಯದು ತೀರ ಚಿಕ್ಕ ಕಥೆ. ಯಂತ್ರಯುಗ ಅದನ್ನು ಹೆಚ್ಚಾಗಿ ಮುಟ್ಟಲಿಲ್ಲ. ಅದರ ಅತಿ ಸಂಸ್ಕರಿಸಿದ ರೂಪ ದಿಗಂಬರ ಮುನಿಯ ಕೈಯಲ್ಲಿರುವ ನವಿಲುಗರಿಯ ಪಿಂಛಿ. ಕೂರುವ ನೆಲವನ್ನು ಜೀವಿಗಳಿಗೆ ನೋವಾಗದಂತೆ ಸವರುವುದಕ್ಕೆ ನವಿಲು ತಾನಾಗಿ ಉದುರಿಸಿದ ಗರಿಗಿಂತ ಮೃದುವಾದುದನ್ನು ಯಾವ ಕಾರ್ಖಾನೆಯೂ ಮಾಡಿಕೊಟ್ಟಿಲ್ಲ.

ಪಿಂಛಿ, ಕಮಂಡಲು, ಶಾಸ್ತ್ರ ಎಂಬ ಮೂರೇ ಉಪಕರಣಗಳ ಆ ಮುನಿ ಕಾಲ್ನಡಿಗೆಯಲ್ಲಿ ಊರಿಗೆ ಬರುವ ಸುದ್ದಿ ತಿಳಿದಾಗ ಹಳೆಯ ಉಪಕರಣಗಳ ಹುಡುಕಾಟ ಆರಂಭವಾಗುತ್ತದೆ. ಆಹಾರಕ್ಕೆ ಬಾವಿಯ ನೀರೇ ಆಗಬೇಕು, ಕೈಯಿಂದ ಬೀಸಿದ ಹಿಟ್ಟೇ ಆಗಬೇಕು. ಯಾರ ಹಿತ್ತಲಿನ ಬಾವಿ ಇನ್ನೂ ಮುಚ್ಚಿಲ್ಲ, ಅದರ ನೀರು ಸವಳಾಗಿದೆಯೇ ಸಿಹಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ಅಟ್ಟದಿಂದ ಬೀಸುವ ಕಲ್ಲನ್ನು ಇಳಿಸುತ್ತಾರೆ. ಅದರ ಮುಖ ಸವೆದು ನುಣುಪಾಗಿರುತ್ತದೆ. ಉಳಿಯಿಂದ ಮತ್ತೆ ಒರಟು ಮಾಡಬಲ್ಲ ಕಲ್ಲುಕುಟಿಗನು ಎಲ್ಲಿದ್ದಾನೆಂದು ಊರ ಹಿರಿಯ ಹೆಂಗಸರನ್ನೇ ಕೇಳಬೇಕಾಗುತ್ತದೆ.